ಗೇಟ್ ಎರಡನೇ ಸಲ ಬರೆಯೋರು ಮಾಕ್ ಟೆಸ್ಟ್ ಹೇಗೆ ಬಳಸಬೇಕು? ಇಲ್ಲಿದೆ ಮಾಹಿತಿ

ಇಂಜಿನಿಯರಿಂಗ್ ಮುಗಿಸಿ, ಮೊದಲ ಸಲ ಗೇಟ್‌ನಲ್ಲಿ ಅಂದುಕೊಂಡಷ್ಟು ಅಂಕ ಬಾರದೆ ಊರಿಗೆ ವಾಪಸ್ ಬಂದು, ಹಗಲು ಅಪ್ಪನ ಅಂಗಡಿ ನೋಡಿಕೊಳ್ಳುತ್ತಾ ರಾತ್ರಿ ಓದುವ ಹುಡುಗ-ಹುಡುಗಿಯರು ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ. ಮತ್ತೆ ಬರೆಯೋಣ ಅಂತ ತೀರ್ಮಾನಿಸಿದ ಕೂಡಲೇ ದುಡ್ಡು ಕೊಟ್ಟು ಆನ್‌ಲೈನ್ ಟೆಸ್ಟ್ ಸೀರೀಸ್ ತಗೊಳ್ಳುವುದು ಈಗ ರೂಢಿ. ಆದರೆ ದಿನಕ್ಕೊಂದು ಟೆಸ್ಟ್ ಬರೆದು ಅಂಕ ನೋಡಿ ಮುಚ್ಚಿಟ್ಟರೆ, ಸಂಜೆ ಗಲ್ಲಾ ಎಣಿಸಿ ಲೆಕ್ಕ ಬರೆಯದೆ ಶಟರ್ ಎಳೆದ ಹಾಗೆ. ದುಡ್ಡು ಎಲ್ಲಿ ಸೋರುತ್ತಿದೆ ಅಂತ ಗೊತ್ತೇ ಆಗೋದಿಲ್ಲ.

ಮನೆಯವರಿಗೆ ಗೊತ್ತಿರಬೇಕಾದ್ದು ಇಷ್ಟು. ಗೇಟ್ ಪರೀಕ್ಷೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು 7 ಐಐಟಿಗಳು ಸರದಿಯಂತೆ ನಡೆಸುತ್ತವೆ. 3 ಗಂಟೆ, 65 ಪ್ರಶ್ನೆ, 100 ಅಂಕ. ಎಂ.ಟೆಕ್ ಸೀಟಿಗೆ ಇದು ಮುಖ್ಯ ದಾರಿ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂ. ವಿದ್ಯಾರ್ಥಿವೇತನವೂ ಇದೆ. ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಸ್ಕೋರ್ 3 ವರ್ಷ ನಡೆಯುತ್ತದೆ. ಹಾಗಾಗಿ ‘ಈ ಸಲ ಕಮ್ಮಿ ಬಂದ್ರೆ ಇದ್ದದ್ದೂ ಹೋಗುತ್ತಲ್ಲಾ’ ಅಂತ ಹೆದರಬೇಕಿಲ್ಲ. ಅವಧಿ ಮುಗಿಯದ ಹಳೇ ಸ್ಕೋರ್ ಹಾಗೇ ಇರುತ್ತದೆ.

ಎರಡನೇ ಸಲ ಬರೆಯುವವರ ಹತ್ತಿರ ಹೊಸಬರಿಗೆ ಇಲ್ಲದ ಒಂದು ವಸ್ತು ಇದೆ, ಕಳೆದ ಪರೀಕ್ಷೆಯ ಅವರದೇ ರೆಸ್ಪಾನ್ಸ್ ಶೀಟ್. ಯಾವ ಪ್ರಶ್ನೆಗೆ ಯಾವ ಉತ್ತರ ಒತ್ತಿದ್ದರು ಅನ್ನೋದು ಅದರಲ್ಲಿ ಪೂರ್ತಿ ಇರುತ್ತದೆ. ಪರೀಕ್ಷೆಯಾದ ಮೇಲೆ ಕೆಲವೇ ದಿನ ಡೌನ್‌ಲೋಡ್‌ಗೆ ಅವಕಾಶ ಇರುವುದರಿಂದ ಆಗಲೇ ಇಳಿಸಿಟ್ಟುಕೊಂಡಿರಬೇಕು. ಟೆಸ್ಟ್ ಸೀರೀಸಿಗೆ ದುಡ್ಡು ಹಾಕುವ ಮೊದಲು ಇದನ್ನು ಅಧಿಕೃತ ಉತ್ತರಗಳ ಜೊತೆ ಇಟ್ಟು ಒಂದು ದಿನ ಕೂತು ನೋಡುವುದು ಒಳ್ಳೆಯದು.

ನೋಡುವಾಗ ತಪ್ಪುಗಳನ್ನು ಬೇರೆ ಬೇರೆ ಮಾಡಬೇಕು. ಪಾಠವೇ ಗೊತ್ತಿಲ್ಲದೆ ಹೋದದ್ದು ಒಂದು. ಗೊತ್ತಿದ್ದೂ ಲೆಕ್ಕದಲ್ಲಿ ಎಡವಿದ್ದು, ಯೂನಿಟ್ ನೋಡದೆ ಉತ್ತರ ತುಂಬಿದ್ದು ಇನ್ನೊಂದು. ಸಮಯ ಸಾಲದೆ ಮುಟ್ಟದೇ ಬಿಟ್ಟದ್ದು, ಅಂದಾಜಿನ ಮೇಲೆ ಒತ್ತಿ ಕಳಕೊಂಡದ್ದು ಮತ್ತೆರಡು. ಮೊದಲನೆಯದಕ್ಕೆ ಪುಸ್ತಕವೇ ಮದ್ದು, ಮಾಕ್ ಟೆಸ್ಟ್ ಅಲ್ಲ. ಪಾಠ ಬರದವರು 50 ಟೆಸ್ಟ್ ಬರೆದರೂ ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತಾರೆ. ಟೆಸ್ಟ್ ನಿಜಕ್ಕೂ ಕೆಲಸಕ್ಕೆ ಬರುವುದು ಉಳಿದ ಮೂರಕ್ಕೆ.

ಅಂದಾಜಿನ ಲೆಕ್ಕ ಹೀಗಿದೆ. ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಪ್ರಶ್ನೆ ತಪ್ಪಾದರೆ, 1 ಅಂಕದ್ದಕ್ಕೆ 1/3, 2 ಅಂಕದ್ದಕ್ಕೆ 2/3 ಕಳೆಯುತ್ತಾರೆ. ಕಣ್ಣುಮುಚ್ಚಿ ಒತ್ತಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆ ತಪ್ಪು ಅಂತ ಖಚಿತವಾಗಿ ತೆಗೆದುಹಾಕಿದರೆ ಮಾತ್ರ ಸ್ವಲ್ಪ ಲಾಭದ ಕಡೆ ವಾಲುತ್ತದೆ. ‘ಖಚಿತ’ ಅಂದುಕೊಂಡದ್ದು ಎಷ್ಟು ಸಲ ಖಚಿತವಾಗಿತ್ತು ಅನ್ನೋದೇ ಪ್ರಶ್ನೆ. 2 ಅಂಕದ 6 ಪ್ರಶ್ನೆ ತಪ್ಪಾದರೆ ಕೈಲಿದ್ದ 4 ಅಂಕ ಹೋಯಿತು. ಆದ್ದರಿಂದ ಮಾಕ್ ಬರೆಯುವಾಗ ಅಂದಾಜಿನ ಉತ್ತರಗಳ ಸಂಖ್ಯೆಯನ್ನು ಹಾಳೆಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಅವು ಒಟ್ಟಾರೆ ತಂದವೋ ಕಳೆದವೋ ಅಂತ ಕೂಡಿ ನೋಡಬೇಕು. ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದಾದ ಪ್ರಶ್ನೆ ಮತ್ತು ಸಂಖ್ಯೆ ತುಂಬುವ ಪ್ರಶ್ನೆಗಳಿಗೆ ಅಂಕ ಕಳೆಯುವುದಿಲ್ಲ. ಅವನ್ನು ಖಾಲಿ ಬಿಡುವುದು ಸುಮ್ನೆ ನಷ್ಟ.

ಹಳೇ ಪ್ರಶ್ನೆಪತ್ರಿಕೆಗಿಂತ ಒಳ್ಳೇ ಮಾಕ್ ಇಲ್ಲ, ಅದೂ ಪುಕ್ಕಟೆ. ಮತ್ತೆ ಬರೆಯುವವರು ಮೋಸ ಹೋಗುವುದೂ ಇಲ್ಲೇ. ಕಳೆದ ವರ್ಷ ಬಿಡಿಸಿದ ಪತ್ರಿಕೆಯನ್ನೇ ಮತ್ತೆ ಬರೆದರೆ 70 ಬರಬಹುದು, ಆದರೆ ಅದು ನೆನಪಿನ ಅಂಕ. ಇನ್ನೂ ಮುಟ್ಟದ ಎರಡು ಪತ್ರಿಕೆ ಇದ್ದರೆ ಜನವರಿವರೆಗೆ ತೆರೆಯದೆ ಎತ್ತಿಡುವುದು ಉತ್ತಮ. ಉತ್ತರ ನೆನಪಿರುವ ಪತ್ರಿಕೆಗಳನ್ನು ಗಡಿಯಾರ ಇಡದೆ, ಪಾಠವಾರು ಅಭ್ಯಾಸಕ್ಕೆ ಬಳಸಿದರೆ ಸಾಕು. ಒಂದಕ್ಕಿಂತ ಹೆಚ್ಚು ಸರಿ ಉತ್ತರದ ಪ್ರಶ್ನೆಗಳು ಬಂದದ್ದು 2021ರಿಂದ. ಅದಕ್ಕೂ ಹಿಂದಿನ ಪತ್ರಿಕೆಗಳಲ್ಲಿ ಅವು ಸಿಗೋದಿಲ್ಲ ಅನ್ನೋದು ಗಮನದಲ್ಲಿರಲಿ.

ಪೂರ್ಣ ಮಾಕ್ ವಾರಕ್ಕೆ ಒಂದು ಸಾಕು, ಕೊನೆಯ ತಿಂಗಳು ಎರಡು. ಬರೆಯಲು 3 ಗಂಟೆ ಹಿಡಿದರೆ, ತಪ್ಪು ನೋಡಲು ಅಷ್ಟೇ ಹೊತ್ತು ಬೇಕು. ಮೊಬೈಲಿನಲ್ಲಿ ಬೇಡ. ಪರೀಕ್ಷೆಗೆ ಕೈಲಿರುವ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಪರದೆಯ ಮೇಲಿನದನ್ನು ಮೌಸ್‌ನಿಂದ ಒತ್ತಬೇಕು, ಸಂಖ್ಯೆಯ ಉತ್ತರವನ್ನೂ ಮೌಸ್‌ನಿಂದಲೇ ತುಂಬಬೇಕು. ರೂಢಿ ಇಲ್ಲದವರಿಗೆ ಇದರಲ್ಲೇ ಹೊತ್ತು ಹೋಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಸೈಬರ್ ಸೆಂಟರಿನಲ್ಲೋ ಗೆಳೆಯನ ಲ್ಯಾಪ್‌ಟಾಪಿನಲ್ಲೋ ನಾಲ್ಕೈದು ಸಲವಾದರೂ ಬರೆದು ನೋಡಬೇಕು. ಗೇಟ್‌ನ ಅಧಿಕೃತ ವೆಬ್‌ಸೈಟಿನಲ್ಲಿ ಅಭ್ಯಾಸ ಪರೀಕ್ಷೆಯ ಲಿಂಕ್ ಉಚಿತವಾಗಿ ಸಿಗುತ್ತದೆ.

ಟೆಸ್ಟ್ ಸೀರೀಸ್ ಕಂಪನಿಗಳು ಕೊಡುವ ‘ಅಖಿಲ ಭಾರತ ರ‍್ಯಾಂಕ್’ ನೋಡಿ ಮನೆಯವರು ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಅದು ಆ ಕಂಪನಿಗೆ ದುಡ್ಡು ಕಟ್ಟಿ ಅಂದು ಬರೆದವರ ನಡುವಿನ ರ‍್ಯಾಂಕ್ ಅಷ್ಟೆ. ಖರೀದಿಗೆ ಮುಂಚೆ ಒಂದು ಉಚಿತ ಟೆಸ್ಟ್ ಬರೆದು, ಪ್ರತಿ ಪ್ರಶ್ನೆಗೆ ವಿವರಣೆ ಕೊಟ್ಟಿದ್ದಾರಾ, ಉತ್ತರಗಳು ಸರಿಯಿವೆಯಾ ಅಂತ ಪರಿಶೀಲಿಸಬಹುದು. ಎರಡೆರಡು ಕಂಪನಿಯದ್ದು ತಗೊಂಡರೆ ಅರ್ಧ ಹಾಗೇ ಉಳಿಯುವುದೇ ಹೆಚ್ಚು.

ಮಾಕ್ ಬರೆಯುವ 3 ಗಂಟೆ ‘ಗಿರಾಕಿ ಬಂದಿದ್ದಾರೆ, ಐದು ನಿಮಿಷ ಬಾ’ ಅನ್ನುವ ಕೂಗು ಇರಬಾರದು. ನಡುವೆ ಎದ್ದರೆ ಆ ಟೆಸ್ಟಿನ ಅಂಕಕ್ಕೆ ಬೆಲೆಯಿಲ್ಲ. ಪರೀಕ್ಷೆ ಬೆಳಗ್ಗೆ 9.30ಕ್ಕೆ ಇಲ್ಲವೇ ಮಧ್ಯಾಹ್ನ 2.30ಕ್ಕೆ ಶುರುವಾಗುತ್ತದೆ. ಯಾವ ಹೊತ್ತು ಅಂತ ಪ್ರವೇಶಪತ್ರದಲ್ಲಿ ಬಂದ ಮೇಲೆ, ಉಳಿದ ಮಾಕ್‌ಗಳನ್ನು ಅದೇ ಹೊತ್ತಿಗೆ ಬರೆಯಬೇಕು. ಮಧ್ಯಾಹ್ನದ ಸರದಿ ಬಂದವರು ಊಟ ಮಾಡಿ ಕೂತರೆ ತೂಕಡಿಕೆ ಬರುತ್ತದಾ ಅನ್ನೋದನ್ನೂ ಆಗಲೇ ನೋಡಿಕೊಳ್ಳಬಹುದು.