ಚಿಹ್ನೆ ಬದಲಾದರೂ ಬದಲಾಗದ ಹುಕ್ಕೇರಿ

ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗೆಲ್ಲಲು ಯಾವ ಪಕ್ಷ ಬೇಕು? ಉಮೇಶ ಕತ್ತಿಯವರ ರಾಜಕೀಯ ಜೀವನ ನೋಡಿದರೆ ಪ್ರಶ್ನೆಯೇ ತಪ್ಪೆನಿಸುತ್ತದೆ.

ತಂದೆ ವಿಶ್ವನಾಥ ಕತ್ತಿಯವರ ನಿಧನದಿಂದ ತೆರವಾದ ಸ್ಥಾನಕ್ಕೆ 1985ರ ಉಪಚುನಾವಣೆಯಲ್ಲಿ ಅವರು ಜನತಾ ಪಕ್ಷದಿಂದ ಆರಿಸಿ ಬಂದಾಗ ವಯಸ್ಸು 24. ಮುಂದೆ 1989, 1994ರಲ್ಲಿ ಜನತಾದಳ, 1999ರಲ್ಲಿ ಸಂಯುಕ್ತ ಜನತಾದಳ. 2008ರಲ್ಲಿ ಜೆಡಿಎಸ್‌ನಿಂದ ಗೆದ್ದು, ರಾಜೀನಾಮೆ ಕೊಟ್ಟು, ಅದೇ ಡಿಸೆಂಬರಿನಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. 2013, 2018 ಸೇರಿ ಒಟ್ಟು 8 ಗೆಲುವು. ಮಧ್ಯೆ ಸೋತದ್ದು 2004ರಲ್ಲಿ, ಕಾಂಗ್ರೆಸ್ಸಿನಿಂದ ನಿಂತಾಗ.

ಕಾರಣ ಹುಡುಕುವವರು ಪಕ್ಷದ ಕಚೇರಿಗಿಂತ ಮೊದಲು ಇಲ್ಲಿನ ಸಹಕಾರಿ ಸಂಘಗಳತ್ತ ನೋಡಬೇಕು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ತಾಲ್ಲೂಕಿಗೆ ಕರೆಂಟು ಹಂಚುವುದೂ ಒಂದು ಸಹಕಾರಿ ಸಂಘವೇ. ರಾಜ್ಯದಲ್ಲಿ ಇಂಥದು ಇದೊಂದೇ. ಕಬ್ಬಿನ ಬಿಲ್ಲು, ಪಂಪ್‌ಸೆಟ್ಟಿನ ವಿದ್ಯುತ್ತು ಎರಡೂ ಊರ ಮುಖಂಡರ ಕೈಯಲ್ಲಿದ್ದಲ್ಲಿ ಬ್ಯಾಲೆಟ್ಟಿನ ಚಿಹ್ನೆ ಎರಡನೆಯ ಮಾತು. ಕತ್ತಿ ಕುಟುಂಬಕ್ಕೋ ಬೆಲ್ಲದ ಬಾಗೇವಾಡಿಯಲ್ಲಿ ಸ್ವಂತ ಸಕ್ಕರೆ ಕಾರ್ಖಾನೆಯೂ ಉಂಟು. ಪಕ್ಕದ ಗೋಕಾಕದಲ್ಲೂ ರಮೇಶ ಜಾರಕಿಹೊಳಿ 2019ರಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿಯಿಂದ ನಿಂತರು, ಗೆದ್ದರು.

ಪಕ್ಷ ಬಿಟ್ಟರೂ ಕತ್ತಿ ಬಿಡದ ಮಾತೊಂದಿತ್ತು: ಪ್ರತ್ಯೇಕ ಉತ್ತರ ಕರ್ನಾಟಕ ರಾಜ್ಯ. 2022ರಲ್ಲಿ ಸಚಿವರಾಗಿದ್ದುಕೊಂಡೇ ಅದನ್ನೆತ್ತಿ ಸ್ವಪಕ್ಷಕ್ಕೆ ಮುಜುಗರ ತಂದರು. ನೆಲಕ್ಕಾಗಿ ಮಹಾರಾಷ್ಟ್ರದೊಂದಿಗೆ ಜಗ್ಗಾಡುವ ಜಿಲ್ಲೆಯಿಂದಲೇ ಈ ಕೂಗು ಎದ್ದದ್ದು ವಿಚಿತ್ರ. ಆದರೆ ಬೆಂಗಳೂರು ಇಲ್ಲಿಂದ 500 ಕಿಲೋಮೀಟರಿಗೂ ದೂರ ಎಂಬುದು ಸುಳ್ಳಲ್ಲವಲ್ಲ!

ಅರಣ್ಯ ಮತ್ತು ಆಹಾರ ಸಚಿವರಾಗಿದ್ದಾಗಲೇ, 2022ರ ಸೆಪ್ಟೆಂಬರ್ 6ರಂದು, ಅದೇ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. 2023ರಲ್ಲಿ ಹುಕ್ಕೇರಿ ಆರಿಸಿದ್ದು ಅವರ ಮಗ ನಿಖಿಲ್ ಕತ್ತಿಯವರನ್ನು.