ಕಡತದಿಂದ ಗಣಕಯಂತ್ರಕ್ಕೆ

'ಕಡತ' ಎಂಬ ಮಾತನ್ನು ಇಂದು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಬಳಸುತ್ತೇವೆ. ಹಿಂದೆ ಅದು ಬಟ್ಟೆಯ ಪುಸ್ತಕ. ಉದ್ದನೆಯ ಅರಿವೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಚಿಕ್ಕದೇವರಾಜ ಒಡೆಯರು (1673–1704) ಶ್ರೀರಂಗಪಟ್ಟಣದಲ್ಲಿ ಅಠಾರಾ ಕಚೇರಿಯನ್ನು ಏರ್ಪಡಿಸಿ, ರಾಜ್ಯದ ಆಡಳಿತವನ್ನು ಹದಿನೆಂಟು ಇಲಾಖೆಗಳಿಗೆ ಹಂಚಿದುದನ್ನು ಓದುಗರು ಬಲ್ಲರು. ಅತ್ತ ಹಳ್ಳಿಯ ಲೆಕ್ಕವೆಲ್ಲ ಇಂಥ ಕಡತಗಳಲ್ಲಿ ಉಳಿಯುತ್ತಿತ್ತು. ಅದರಲ್ಲೊಂದು ಸೌಕರ್ಯವುಂಟು, ಅದೇ ಅದರ ತೊಡಕು ಕೂಡ: ಒದ್ದೆಬಟ್ಟೆಯಿಂದ ಒರೆಸಿದರೆ ಬರೆಹ ಮಾಯ!

ಕಡತ ಹೋಗಿ ಕಾಗದ ಬಂದಿತು. 1863ರಲ್ಲಿ ಮೈಸೂರು ಸೀಮೆಯಲ್ಲಿ ಕಂದಾಯದ ಸರ್ವೆ ಆರಂಭವಾಯಿತು. ಆದರೂ ಲೆಕ್ಕ ಶ್ಯಾನುಭೋಗರ ಮನೆಯಲ್ಲಿಯೇ ಇತ್ತು. ವಂಶಪಾರಂಪರ್ಯದ ಆ ಅಧಿಕಾರ 1961ರ ಕಾಯಿದೆಯ ಮೇರೆಗೆ 1963ರಲ್ಲಿ ರದ್ದಾಗಿ, ಸಂಬಳದ ಗ್ರಾಮಲೆಕ್ಕಿಗರು ಬಂದರು. ಬರೆಯುವ ಕೈ ಬದಲಾಯಿತೇ ಹೊರತು ಬರೆಯುವ ರೀತಿ ಬದಲಾಗಲಿಲ್ಲ. ನಾಗಮಂಗಲದ ಕಡೆ ರಾಗಿ ಹುರುಳಿ ಬೆಳೆಯುವವನಾಗಲಿ, ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವ ಪಾಂಡವಪುರದವನಾಗಲಿ, ಸಾಲಕ್ಕೊಂದು ಪಹಣಿ ಬೇಕಾದರೆ ಲೆಕ್ಕಿಗರಿರುವ ಕಡೆಗೆ ಅಲೆಯಬೇಕಾಗಿತ್ತು. ಅವರು ಬರೆದುಕೊಟ್ಟದ್ದೇ ಸತ್ಯ.

ಇಂಥವರ ಮುಂದೆ 2000ದ ಸುಮಾರಿಗೆ ಗಣಕಯಂತ್ರ ಬಂದು ಕುಳಿತಿತು. 'ಭೂಮಿ' ಎಂಬುದು ಯೋಜನೆಯ ಹೆಸರು. ಅದರ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ನಮ್ಮ ನೆರೆಯ ಮದ್ದೂರಿನಲ್ಲಿ. 177 ತಾಲ್ಲೂಕುಗಳು, ಸುಮಾರು 9,000 ಗ್ರಾಮಲೆಕ್ಕಿಗರು, 67 ಲಕ್ಷ ರೈತರು, 2 ಕೋಟಿ ಪಹಣಿಗಳು! ಯೋಜನೆ ಕಾಲಿಟ್ಟ ತಾಲ್ಲೂಕಿನಲ್ಲಿ ಕೈಬರೆಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರ ಸಾರಿತು.

ಲೆಕ್ಕಿಗರು ಮನಸಾರೆ ಒಪ್ಪಿದರೆಂದು ಹೇಳಲಾರೆ. ಅವರ ಹಿಂಜರಿಕೆಯನ್ನು ಯಂತ್ರದ ಭಯವೆಂದು ತಳ್ಳಿಹಾಕುವುದು ಸುಲಭ. ನನಗೆ ಅದು ಪೂರ್ತಿ ನಿಜವೆನಿಸುವುದಿಲ್ಲ. ಹೋಗುತ್ತಿದ್ದುದು ಲೇಖನಿಯಲ್ಲ, ಲೇಖನಿಯ ಜೊತೆಗಿದ್ದ ಅಧಿಕಾರ. ಖಾತೆ ಬದಲಾವಣೆಯ ಅರ್ಜಿಗಳು ಇನ್ನು ಬಂದ ಸರದಿಯಲ್ಲಿಯೇ ಸಾಗಬೇಕು. ಬೇಕಾದವರದು ಮೇಲೆ, ಬೇಡದವರದು ಕೆಳಗೆ ಎಂಬ ಮಾತಿಲ್ಲ. ರೈತನ ಕಡೆಗೂ ಒಂದು ತೆರೆಯನ್ನು ತಿರುಗಿಸಿಟ್ಟರು. ಒಳಗೇನು ನಡೆಯುತ್ತಿದೆಯೆಂಬುದನ್ನು ಅವನೂ ನೋಡಬಹುದು. ಶುಲ್ಕ ಆಗ 15 ರೂಪಾಯಿ. ಅಧಿಕಾರಿ ತನ್ನ ಬೆರಳ ಗುರುತನ್ನು ಕೊಟ್ಟಲ್ಲದೆ ದಾಖಲೆ ತಿದ್ದುವಂತಿಲ್ಲ. ನಮ್ಮ ನುಡಿಯಲ್ಲಿ 'ಬೆರಳಚ್ಚು' ಎಂದರೆ ಟೈಪು ಮಾಡುವುದೂ ಹೌದು, ಬೆರಳಿನ ಗುರುತೂ ಹೌದು; ಎರಡರ್ಥವೂ ಇಲ್ಲಿ ಒಂದೆಡೆ ಕೂಡಿದವು.

ಆದರೆ ಹಳಬರಿಲ್ಲದೆ ಕೆಲಸ ನಡೆಯುವಂತಿರಲಿಲ್ಲ. ಯಂತ್ರಕ್ಕೆ ಅಕ್ಷರ ತುಂಬಿದವರು ಗುತ್ತಿಗೆಯ ಹುಡುಗರು. ಅವರು ತುಂಬಿದ್ದನ್ನು ಮುದ್ರಿಸಿ ಲೆಕ್ಕಿಗರ ಕೈಗಿತ್ತು, ಮೂಲದೊಡನೆ ತಾಳೆ ನೋಡಿ ತಿದ್ದಿಸಿದರು. ಹಳೆಯ ಕೈಬರೆಹ, ಅದರ ಮೊಟಕು ಗುರುತುಗಳು, ಹಿಸ್ಸೆಗಳ ಲೆಕ್ಕ ಬಲ್ಲವರು ಅವರೇ ಅಲ್ಲವೆ? ಅತ್ತಿಗುಪ್ಪೆಯೆಂದರೆ ಕೃಷ್ಣರಾಜಪೇಟೆ, ಫ್ರೆಂಚ್‌ರಾಕ್ಸ್ ಎಂದರೆ ಪಾಂಡವಪುರ ಎಂದು ಅರಿಯದವನಿಗೆ ಇಲ್ಲಿನ ಹಳೆಯ ಪತ್ರಗಳು ಬಾಯಿ ಬಿಡುವುದಿಲ್ಲ. ತಪ್ಪು ತಿದ್ದುತ್ತ ತಿದ್ದುತ್ತಲೇ ಅನೇಕರು ಯಂತ್ರದ ಹತ್ತಿರಕ್ಕೆ ಬಂದರೆಂದು ನನ್ನ ಎಣಿಕೆ. ಎಂಥ ಶಿಕ್ಷಣಕ್ರಮವೂ ಇದಕ್ಕಿಂತ ಹೆಚ್ಚು ಕಲಿಸಲಾರದು.

ಕಲಿಯುವ ಸರದಿ ಮುಂದೆ ರೈತನಿಗೂ ಬಂದಿತು. 2020ರಲ್ಲಿ ಸರ್ಕಾರ, ರೈತನೇ ತನ್ನ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಮೊಬೈಲಿನಿಂದ ಕಳುಹಿಸುವ ಬೆಳೆ ಸಮೀಕ್ಷೆಯ ಏರ್ಪಾಡನ್ನು ತಂದಿತು. ಅಜ್ಜ ಸರ್ವೆ ನಂಬರು ಹೇಳಬೇಕು, ಮೊಮ್ಮಗ ಒತ್ತಬೇಕು. ಬೆಳೆ ತಪ್ಪಾಗಿ ದಾಖಲಾದರೆ ಪರಿಹಾರಕ್ಕೆ ತೊಡಕು. ಆದ್ದರಿಂದ ಇದು ಆಟದ ಮಾತಲ್ಲ.

ಇತ್ತ ಗ್ರಾಮಲೆಕ್ಕಿಗರ ಹುದ್ದೆಗೆ 'ಗ್ರಾಮ ಆಡಳಿತ ಅಧಿಕಾರಿ' ಎಂಬ ಹೊಸ ಹೆಸರು ಬಂದಿತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಆ ಅಧಿಕಾರಿಗಳು ಮುಷ್ಕರ ಹೂಡಿದರು. ಯಂತ್ರ ಬೇಡವೆಂದು ಅವರು ಹೇಳಲಿಲ್ಲ. ಹತ್ತಾರು ತಂತ್ರಾಂಶಗಳಲ್ಲಿ ಕೆಲಸ ಮಾಡೆನ್ನುವಿರಲ್ಲ, ಅದಕ್ಕೆ ತಕ್ಕ ಮೊಬೈಲು, ಲ್ಯಾಪ್‌ಟಾಪು, ಇಂಟರ್‌ನೆಟ್ಟು, ಕುಳಿತುಕೊಳ್ಳಲು ಮೇಜು ಕುರ್ಚಿ ಕೊಡಿ ಎಂದು ಕೇಳಿದರು.