ಭೌತಶಾಸ್ತ್ರದ ಪ್ರವೇಶ ಪಠ್ಯಕ್ರಮ: ಉಡುಪಿ ಪ್ರದೇಶದಲ್ಲಿ ಪರಿಷ್ಕರಣೆ

ಪದವಿಯ ಮೊದಲ ವರ್ಷದ ಭೌತಶಾಸ್ತ್ರದ ಪಾಠ, ಪ್ರಯೋಗ ಮತ್ತು ಪರೀಕ್ಷೆಗಳನ್ನು ವಿಶ್ವವಿದ್ಯಾನಿಲಯಗಳು ಕಾಲಕಾಲಕ್ಕೆ ತಿದ್ದಿ ಹೊಸದಾಗಿ ಜೋಡಿಸುವುದನ್ನು ಪಠ್ಯಕ್ರಮ ಪರಿಷ್ಕರಣೆ ಎನ್ನುತ್ತಾರೆ. ಕಾಪು ತಾಲ್ಲೂಕಿನ ಇನ್ನಂಜೆಯ ಆಸುಪಾಸಿನಲ್ಲಿ ಈ ಪಾಠ ಮೂರು ಆಡಳಿತಗಳಡಿ ನಡೆಯುತ್ತದೆ. ಉಡುಪಿಯ ಎಂ.ಜಿ.ಎಂ. ಕಾಲೇಜು (1949), ಪೂರ್ಣಪ್ರಜ್ಞ ಕಾಲೇಜು (1960), ಕಾರ್ಕಳದ ಭುವನೇಂದ್ರ ಕಾಲೇಜು (1960) ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯವು. ಇನ್ನಂಜೆಗೆ ಹತ್ತಿರದ ಬಂಟಕಲ್ಲಿನ ಶ್ರೀ ಮಧ್ವ ವಾದಿರಾಜ ಇಂಜಿನಿಯರಿಂಗ್ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿ.ಟಿ.ಯು.) ಸೇರಿದೆ. ಮಣಿಪಾಲದ ಮಾಹೆ ಡೀಮ್ಡ್ ವಿಶ್ವವಿದ್ಯಾಲಯವಾದ್ದರಿಂದ ಪಠ್ಯವನ್ನು ತಾನೇ ರೂಪಿಸಿಕೊಳ್ಳುತ್ತದೆ. ಒಂದೇ ಪಿಯು ತರಗತಿಯಿಂದ ಹೊರಟ ಮೂವರು ಗೆಳತಿಯರು ಈ ಮೂರು ಕಡೆ ಸೇರಿದರೆ ಮೂರು ಬಗೆಯ ಭೌತಶಾಸ್ತ್ರ ಓದುತ್ತಾರೆ.

ಪರಿಷ್ಕರಣೆಯ ಕರಡು ಹುಟ್ಟುವುದು ಅಧ್ಯಯನ ಮಂಡಳಿಯಲ್ಲಿ. ಅಲ್ಲಿನ ಅಧ್ಯಾಪಕರು ಒಪ್ಪಿದ್ದು ಶೈಕ್ಷಣಿಕ ಮಂಡಳಿಯ ಒಪ್ಪಿಗೆ ಪಡೆದ ಮೇಲೆ ಜಾರಿಗೆ ಬರುತ್ತದೆ. ಸ್ವಾಯತ್ತ ಕಾಲೇಜುಗಳಿಗೆ ಅವುಗಳದ್ದೇ ಅಧ್ಯಯನ ಮಂಡಳಿಗಳಿವೆ.

ಕರಾವಳಿಯ ಕಾಲೇಜುಗಳ ಪಠ್ಯ ಮೊದಲು ಮದರಾಸಿನಿಂದ, ಆಮೇಲೆ ಮೈಸೂರಿನಿಂದ ಬರುತ್ತಿತ್ತು. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಬಳಿಕ ಪಠ್ಯ ಇಲ್ಲಿಯೇ ರೂಪುಗೊಳ್ಳತೊಡಗಿತು. ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು. 2019-20ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ, 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, 2024-25ರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯಂತೆ ಮತ್ತೆ ಮೂರು ವರ್ಷದ ಪದವಿ. ಐದೇ ವರ್ಷಗಳಲ್ಲಿ ಮೂರು ಪದ್ಧತಿ! ಹಳೆಯ ಬ್ಯಾಚಿಗೆ ಒಂದು ಪಠ್ಯ, ಹೊಸಬರಿಗೆ ಇನ್ನೊಂದು ಎಂದು ಒಬ್ಬನೇ ಉಪನ್ಯಾಸಕ ಒಂದೇ ದಿನ ಎರಡನ್ನೂ ನಡೆಸಬೇಕಾಯಿತು. ಪಾಠ ಮಾಗಲು ಕನಿಷ್ಠ ನಾಲ್ಕೈದು ಬ್ಯಾಚು ಬೇಕು. ಆ ಅವಕಾಶ ಸಿಗಲಿಲ್ಲ.

ರಾಷ್ಟ್ರೀಯ ನೀತಿಯಡಿ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಎಲ್ಲ ವಿಶ್ವವಿದ್ಯಾಲಯಗಳಿಗೂ ಮಾದರಿ ಪಠ್ಯ ಕೊಟ್ಟಿತು. ಮೊದಲ ಸೆಮಿಸ್ಟರಿಗೆ ಯಂತ್ರವಿಜ್ಞಾನ ಮತ್ತು ದ್ರವ್ಯಗುಣಗಳು, ಎರಡನೆಯದಕ್ಕೆ ವಿದ್ಯುತ್ತು ಮತ್ತು ಕಾಂತತೆ, ಮೂರನೆಯದಕ್ಕೆ ತರಂಗ ಮತ್ತು ದ್ಯುತಿವಿಜ್ಞಾನ, ನಾಲ್ಕನೆಯದಕ್ಕೆ ಉಷ್ಣ ಮತ್ತು ಎಲೆಕ್ಟ್ರಾನಿಕ್ಸ್. ವಾರಕ್ಕೆ ನಾಲ್ಕು ತಾಸು ಪಾಠ, ನಾಲ್ಕು ತಾಸು ಲ್ಯಾಬು. ಥಿಯರಿಗೆ 60 ಅಂಕದ ಪರೀಕ್ಷೆ, 40 ಆಂತರಿಕ. ಪ್ರಯೋಗಕ್ಕೆ 25 ಮತ್ತು 25. ವಿದ್ಯಾರ್ಥಿಗಳು ತಾವೇ ಮಾಡಬೇಕಾದ ಚಟುವಟಿಕೆಗಳನ್ನು ಘಟಕಗಳೊಂದಿಗೆ ಸೇರಿಸಿದ್ದು ಈ ಪಠ್ಯದ ನಿಜವಾದ ಹೊಸತನ. ರಾಜ್ಯ ನೀತಿಯ ಮೂರು ವಿಷಯಗಳ ಪದವಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಂಥ ಹಳೆಯ ಜೋಡಣೆಗೆ ಮತ್ತೆ ಸಮಾನ ಸ್ಥಾನ ಸಿಕ್ಕಿತು.

ತಿದ್ದುಪಡಿ ಹೆಚ್ಚು ತಟ್ಟಬೇಕಾದದ್ದು ಲ್ಯಾಬನ್ನು. ಮೊದಲ ವರ್ಷದ ಬಾರ್ ಪೆಂಡುಲಂ ಪ್ರಯೋಗವನ್ನೇ ನೋಡೋಣ. ಒಂದು ಮೀಟರ್ ಉದ್ದದ, ತೂತುಗಳಿರುವ ಲೋಹದ ಪಟ್ಟಿಯನ್ನು ನೈಫ್ ಎಡ್ಜಿನ ಮೇಲೆ ತೂಗಿಬಿಟ್ಟು, ತೂತು ಬದಲಿಸುತ್ತ ಆಂದೋಲನದ ಅವಧಿ ಅಳೆದು ಗ್ರಾಫ್ ಎಳೆದರೆ ಗುರುತ್ವ ವೇಗೋತ್ಕರ್ಷ ಸಿಗುತ್ತದೆ. ನಡುವಿನಿಂದ ಸುಮಾರು 29 ಸೆಂ.ಮೀ. ದೂರದಲ್ಲಿ ತೂಗಿದಾಗ ಅವಧಿ ಅತಿ ಕಡಿಮೆ, 1.53 ಸೆಕೆಂಡಿನಷ್ಟು. ಇಪ್ಪತ್ತು ಆಂದೋಲನಕ್ಕೆ 30.5 ಸೆಕೆಂಡು. ಸ್ಟಾಪ್‌ವಾಚ್ ಒತ್ತುವಾಗ ಬೆರಳು 0.1 ಸೆಕೆಂಡು ತಡೆದರೂ ಉತ್ತರ 0.06ರಷ್ಟು ಏರುಪೇರಾಗುತ್ತದೆ. ಉಡುಪಿಯ ಅಕ್ಷಾಂಶದಲ್ಲಿ, ಸಮುದ್ರಮಟ್ಟದಲ್ಲಿ ಇರಬೇಕಾದ ಬೆಲೆ ಸುಮಾರು 9.783, ಪುಸ್ತಕದಲ್ಲಿರುವುದು 9.8 ಅಥವಾ 9.81. ಈ ವ್ಯತ್ಯಾಸ ಬೆರಳಿನ ತಪ್ಪಿಗಿಂತ ಸಣ್ಣದು. ಅಂದಮೇಲೆ 9.74 ಬರೆದವಳೂ 9.81 ಬರೆದವಳೂ ಸಮಾನವಾಗಿ ಸರಿ. ಅದನ್ನು ತಿಳಿಸದೆ ಪುಸ್ತಕದ ಸಂಖ್ಯೆಗೆ ಹತ್ತಿರ ಬಂದ ರೆಕಾರ್ಡಿಗೆ ಮಾತ್ರ ಅಂಕ ಕೊಟ್ಟರೆ ರೀಡಿಂಗ್ ತಿದ್ದುವುದನ್ನು ನಾವೇ ಕಲಿಸಿದಂತೆ. ಉತ್ತರದೊಂದಿಗೆ ದೋಷದ ಅಂದಾಜನ್ನೂ ಬರೆಯಿಸಿ ಅದಕ್ಕೆ ಅಂಕ ಕೊಡುವುದು ದುಬಾರಿ ಉಪಕರಣ ಬೇಡದ ಸುಧಾರಣೆ. ಉಪಕರಣದ ಕಡೆಯಿಂದಲೂ ಕರ್ನಾಟಕದಲ್ಲಿ ದೊಡ್ಡ ಕೆಲಸ ನಡೆದಿದೆ: ಮೈಸೂರಿನ ಪ್ರೊ. ಆರ್. ಶ್ರೀನಿವಾಸನ್ ಅಗ್ಗದ ಪ್ರಯೋಗ ಕಿಟ್ ರೂಪಿಸಿ, ವಿಜ್ಞಾನ ಅಕಾಡೆಮಿಗಳ ನೆರವಿನಿಂದ ಅಧ್ಯಾಪಕರಿಗೆ ಪ್ರಾಯೋಗಿಕ ಭೌತಶಾಸ್ತ್ರದ ಪುನಶ್ಚೇತನ ಶಿಬಿರಗಳನ್ನು ನಡೆಸಿದರು.

ಪಾಠದ ಕ್ರಮ ಬದಲಿಸಿದರೆ ಫಲವುಂಟೆ ಎಂಬ ಪ್ರಶ್ನೆಗೆ ಅಮೆರಿಕದ ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ ಸುಮಾರು 6,500 ವಿದ್ಯಾರ್ಥಿಗಳ ಅಂಕಗಳನ್ನು ಹೋಲಿಸಿ ಉತ್ತರ ಕೊಟ್ಟರು. ಬರೀ ಉಪನ್ಯಾಸ ಕೇಳಿದವರು ಸಾಧಿಸಬಹುದಾಗಿದ್ದ ಪ್ರಗತಿಯ ಸುಮಾರು ಕಾಲು ಭಾಗ ಮಾತ್ರ ಪಡೆದರೆ, ತರಗತಿಯಲ್ಲೇ ಚರ್ಚಿಸಿ ಕಲಿತವರು ಹೆಚ್ಚುಕಡಿಮೆ ಅರ್ಧದಷ್ಟು ಪಡೆದಿದ್ದರು. ಈ ಅಂತರ ಹುಟ್ಟಿದ್ದು ಬೋಧನೆಯ ರೀತಿಯಿಂದ.

ನಮ್ಮಲ್ಲಿ ಇನ್ನೊಂದು ತೊಡಕು ಪಿಯುಸಿಯದು. 2012-13ರಿಂದ ವಿಜ್ಞಾನಕ್ಕೆ ಎನ್.ಸಿ.ಇ.ಆರ್.ಟಿ. ಪಠ್ಯ ಬಂದ ಮೇಲೆ ಯಂತ್ರವಿಜ್ಞಾನದ ಬಹುಪಾಲು ಅಲ್ಲೇ ಮುಗಿಯುತ್ತದೆ. ಸಿಇಟಿ, ನೀಟ್‌ಗೆಂದು ಸಾವಿರಾರು ಪ್ರಶ್ನೆ ಬಿಡಿಸಿದವರಿಗೆ ಪದವಿಯ ಮೊದಲ ಸೆಮಿಸ್ಟರ್ ಹಳೆಯದೆನಿಸುತ್ತದೆ. ವರ್ನಿಯರ್ ಹಿಡಿಯುವಾಗ ಮಾತ್ರ ಕೈ ತಡವರಿಸುತ್ತದೆ.

ಇಂಜಿನಿಯರಿಂಗಿನಲ್ಲಿ ವಿ.ಟಿ.ಯು. 2022ರ ಯೋಜನೆಯಿಂದ ಭೌತಶಾಸ್ತ್ರವನ್ನು ಶಾಖೆಗೊಂದರಂತೆ ಹಂಚಿತು. ಕಂಪ್ಯೂಟರ್ ಸೈನ್ಸಿನವರಿಗೆ ಲೇಸರ್, ಕ್ವಾಂಟಂ ಕಂಪ್ಯೂಟಿಂಗ್, ಅನಿಮೇಷನ್ನಿನ ಭೌತಶಾಸ್ತ್ರ. ಸಿವಿಲ್‌ನವರಿಗೆ ಕಟ್ಟಡದ ಧ್ವನಿವಿಜ್ಞಾನ, ಪ್ರಾಕೃತಿಕ ವಿಕೋಪಗಳು. ವೃತ್ತಿಗೆ ಹತ್ತಿರವಾದದ್ದು ಒಳ್ಳೆಯದೇ. ಆದರೆ ಎಲ್ಲ ಶಾಖೆಯವರೂ ಸಮವಾಗಿ ಕಲಿಯುತ್ತಿದ್ದ ಭಾಗ ಇದರಿಂದ ಕಿರಿದಾಯಿತು.